ಕುಸುಬಿ ಮುಳ್ಳು ತಗುಲಿದ ಕಣ್ಣು: ಕಾರ್ನಿಯಾದ ಫಂಗಸ್ ಹುಣ್ಣು ಮಾಯಲು ಏಕೆ ಇಷ್ಟು ದಿನ ಬೇಕು?

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಹಳ್ಳಿ. 52 ವರ್ಷದ ನಮ್ಮವ್ವನಿಗೆ ಕುಸುಬಿ ಕೊಯ್ಯುವಾಗ ಎಲೆಯ ಮುಳ್ಳು ಬಲಗಣ್ಣಿಗೆ ತಗುಲಿತು. ಔಷಧ ಅಂಗಡಿಯವರು ಕೊಟ್ಟ ಡ್ರಾಪ್ಸ್ ಹಾಕಿದ ಮೇಲೆ ಎರಡು ಮೂರು ದಿನ ಕೆಂಪು ಇಳಿದಿತ್ತು. ಆಮೇಲೆ ನೋವು ಹೆಚ್ಚಾಗಿ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣಿಸಿತು. ಹುಬ್ಬಳ್ಳಿಯ ಕಣ್ಣಿನ ವೈದ್ಯರು ಹುಣ್ಣನ್ನು ಕೆರೆದು ಪರೀಕ್ಷಿಸಿ, ಫಂಗಸ್ ಸೋಂಕು ಎಂದು ಹೇಳಿ, ಗಂಟೆಗೊಮ್ಮೆ ಹಾಕಲು ನಾಟಾಮೈಸಿನ್ ಕೊಟ್ಟಿದ್ದಾರೆ. ಹತ್ತು ದಿನವಾದರೂ ಚುಕ್ಕೆ ಹಾಗೇ ಇದೆ. ಔಷಧ ಬದಲಿಸಬೇಕೇ? ಕಣ್ಣನ್ನೇ ಬದಲಿಸಬೇಕಾಗುತ್ತದೆ ಎಂದು ಊರಿನವರು ಹೇಳುತ್ತಾರೆ, ನಿಜವೇ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಅವರಿಗೆ ಹರಡುತ್ತದೆಯೇ?

ಉತ್ತರ: ನೀವು ಬರೆದಿರುವ ವಿವರಗಳನ್ನು ನೋಡಿದರೆ ನಿಮ್ಮ ತಾಯಿಯವರ ಚಿಕಿತ್ಸೆ ಸರಿಯಾದ ದಾರಿಯಲ್ಲಿಯೇ ಆರಂಭವಾಗಿದೆ. ಹುಣ್ಣನ್ನು ಕೆರೆದು, ಸೋಂಕಿಗೆ ಕಾರಣವಾದ ಜೀವಿ ಯಾವುದೆಂದು ನೋಡಿಕೊಂಡೇ ವೈದ್ಯರು ಔಷಧ ಬರೆದಿದ್ದಾರೆ. ಫಂಗಸ್, ಅಂದರೆ ಶಿಲೀಂಧ್ರ, ಕಾರ್ನಿಯಾದೊಳಗೆ ಇಳಿದಿರುವಾಗ ಹತ್ತು ದಿನ ಬಹಳ ಕಡಿಮೆ ಅವಧಿ. ಇಂಥ ಹುಣ್ಣು ಮಾಯಲು ಆರು ವಾರ ಹಿಡಿಯುವುದು ಸಾಮಾನ್ಯ, ಎರಡು ಮೂರು ತಿಂಗಳು ಎಳೆದದ್ದೂ ಉಂಟು. ಚುಕ್ಕೆ ಹಾಗೇ ಇದೆ ಎಂಬ ಒಂದೇ ಕಾರಣಕ್ಕೆ ಔಷಧ ನಿಲ್ಲಿಸಬೇಡಿ, ಬೇರೆ ಅಂಗಡಿಯ ಬೇರೆ ಡ್ರಾಪ್ಸ್ ಅಂತೂ ಹಾಕಲೇಬೇಡಿ. ಮಕ್ಕಳ ವಿಷಯದಲ್ಲಿ ಚಿಂತೆ ಬೇಡ. ಮದ್ರಾಸ್ ಐ ಎಂದು ಕರೆಯುವ ಕಣ್ಣುಬೇನೆ ಮನೆಮಂದಿಗೆಲ್ಲ ಹರಡುವ ಹಾಗೆ ಇದು ಹರಡುವುದಿಲ್ಲ. ಟವೆಲ್ ಬೇರೆ ಇಟ್ಟು, ಡ್ರಾಪ್ಸ್ ಹಾಕುವ ಮೊದಲು ಮತ್ತು ಆಮೇಲೆ ಕೈ ತೊಳೆದುಕೊಂಡರೆ ಸಾಕು.

ಇಷ್ಟು ತಡವೇಕೆ ಎಂಬುದು ತಿಳಿಯಬೇಕಾದರೆ ಕಾರ್ನಿಯಾದ ರಚನೆಯನ್ನು ಸ್ವಲ್ಪ ತಿಳಿಯಬೇಕು. ಕರಿಗುಡ್ಡೆಯ ಮುಂದೆ ಇರುವ ಪಾರದರ್ಶಕ ಪಟಲವೇ ಕಾರ್ನಿಯಾ. ಅದರ ಅಗಲ 11ರಿಂದ 12 ಮಿಲಿಮೀಟರ್, ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಬೆಳಕು ತಡೆಯಿಲ್ಲದೆ ಒಳಹೋಗಬೇಕಾದ್ದರಿಂದ ಅದರಲ್ಲಿ ರಕ್ತನಾಳಗಳಿಲ್ಲ, ಅದಕ್ಕೆ ಬೇಕಾದ ಆಮ್ಲಜನಕದ ಬಹುಪಾಲು ಕಣ್ಣೀರಿನ ಮೂಲಕ ಗಾಳಿಯಿಂದಲೇ ಬರುತ್ತದೆ. ಕೈಗೆ ಗಾಯವಾದರೆ ರಕ್ತದ ಮೂಲಕ ರಕ್ಷಣಾ ಕಣಗಳೂ ನಾವು ನುಂಗಿದ ಮಾತ್ರೆಯ ಔಷಧವೂ ಬೇಗನೆ ಅಲ್ಲಿಗೆ ತಲುಪುತ್ತವೆ. ಕಾರ್ನಿಯಾಕ್ಕೆ ಆ ಅನುಕೂಲವಿಲ್ಲ. ಅದರ ನಿಜವಾದ ಕಾವಲು ಮೇಲಿನ ತೆಳುವಾದ ಜೀವಕೋಶಗಳ ಪದರ. ಆ ಪದರ ಹರಿಯದೆ ಇರುವಾಗ ಒಳಗೆ ನುಗ್ಗಬಲ್ಲ ಬ್ಯಾಕ್ಟೀರಿಯಾಗಳು ಬೆರಳೆಣಿಕೆಯಷ್ಟು ಮಾತ್ರ. ಹರಿದರೆ, ಅದೂ ಹೊಲದ ಮಣ್ಣು ಹತ್ತಿದ ಮುಳ್ಳಿನಿಂದ ಹರಿದರೆ, ಬಾಗಿಲು ತೆರೆದು ಸೋಂಕನ್ನು ಒಳಗೆ ಕರೆದಂತೆಯೇ ಆಗುತ್ತದೆ.

ಕುಸುಬಿ ಬೆಳೆಯುವ ನಮ್ಮ ಭಾಗದ ರೈತರಿಗೆ ಅದರ ಎಲೆಯನ್ನು ಬಣ್ಣಿಸಬೇಕಾಗಿಲ್ಲ. ಗಿಡ ಹಸಿರಾಗಿರುವಾಗ ಎಲೆಯಂಚಿನ ಮುಳ್ಳು ಅಷ್ಟಾಗಿ ಕಾಡುವುದಿಲ್ಲ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಗಿಡ ಒಣಗಿ ನಿಂತಾಗ ಅದೇ ಅಂಚು ಸೂಜಿಯಂತೆ ಗಟ್ಟಿಯಾಗುತ್ತದೆ. ಕೈಗೆ ಬಟ್ಟೆ ಸುತ್ತಿಕೊಂಡು, ಕಾಲಿಗೆ ಚೀಲ ಕಟ್ಟಿಕೊಂಡು ಕೊಯ್ಯುವವರು ಕೂಡ ಕಣ್ಣಿಗೆ ಏನನ್ನೂ ಹಾಕಿಕೊಳ್ಳುವುದಿಲ್ಲ. ಹಾವೇರಿ ಕಡೆ ಗೋವಿನಜೋಳದ ಒಣ ರವದಿ, ಧಾರವಾಡದ ಬಯಲಿನಲ್ಲಿ ಜೋಳದ ಕಣಿಕೆ, ರಾಶಿ ಯಂತ್ರದಿಂದ ಹಾರುವ ಹೊಟ್ಟು, ಎತ್ತಿನ ಬಾಲದ ಕೂದಲು ಇವೆಲ್ಲವೂ ಇದೇ ಕೆಲಸ ಮಾಡುತ್ತವೆ. ಮಣ್ಣಿನಲ್ಲೂ ಒಣಗಿದ ಎಲೆಯ ಮೇಲೂ ಸಹಜವಾಗಿಯೇ ಇರುವ ಫ್ಯುಸೇರಿಯಂ, ಆಸ್ಪರ್‌ಜಿಲಸ್ ಎಂಬ ಶಿಲೀಂಧ್ರಗಳ ಬೀಜಕಣಗಳು ಆ ಗೀರಿನ ಮೂಲಕ ಒಳಸೇರುತ್ತವೆ. ಚಳಿಯ ದೇಶಗಳಲ್ಲಿ ಕಾರ್ನಿಯಾದ ಸೋಂಕಿಗೆ ಬಹುಮಟ್ಟಿಗೆ ಬ್ಯಾಕ್ಟೀರಿಯಾ ಮತ್ತು ಕಾಂಟ್ಯಾಕ್ಟ್ ಲೆನ್ಸ್ ಕಾರಣವಾದರೆ, ದಕ್ಷಿಣ ಭಾರತದ ಬೇಸಾಯದ ಊರುಗಳಲ್ಲಿ ಕಾರಣ ಪತ್ತೆಯಾದ ಹುಣ್ಣುಗಳಲ್ಲಿ ಸುಮಾರು ಅರ್ಧದಷ್ಟು ಫಂಗಸ್‌ನಿಂದ ಆದವು. ಮದುರೈ ಜಿಲ್ಲೆಯ ಕುರಿತು 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ವರ್ಷಕ್ಕೆ ಲಕ್ಷ ಜನರಲ್ಲಿ 113 ಮಂದಿಗೆ ಕಾರ್ನಿಯಾದ ಹುಣ್ಣಾಗುತ್ತದೆ ಎಂದು ಅಂದಾಜು ಮಾಡಿತ್ತು. ಅಮೆರಿಕದ ಅಂಕಿಗಳೊಂದಿಗೆ ಹೋಲಿಸಿದರೆ ಇದು ಸುಮಾರು ಹತ್ತು ಪಟ್ಟು ಹೆಚ್ಚು.

ಇನ್ನು ಆ ಮೊದಲ ಡ್ರಾಪ್ಸ್ ವಿಷಯ. ಸೀಸೆ ಇನ್ನೂ ಮನೆಯಲ್ಲಿದ್ದರೆ ಅದರ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಅಥವಾ ಪ್ರೆಡ್ನಿಸೋಲೋನ್ ಎಂಬ ಹೆಸರು ಇದೆಯೇ ನೋಡಿ. ಇವು ಸ್ಟಿರಾಯ್ಡ್‌ಗಳು. ಸ್ಟಿರಾಯ್ಡ್ ಹಾಕಿದರೆ ಕೆಂಪು ಇಳಿಯುತ್ತದೆ, ಉರಿ ಕಡಿಮೆಯಾಗುತ್ತದೆ, ರೋಗಿಗೆ ಗುಣವಾದಂತೆಯೇ ಅನಿಸುತ್ತದೆ. ಆದರೆ ಅದು ಅಡಗಿಸುವುದು ಸೋಂಕನ್ನಲ್ಲ, ಸೋಂಕಿನ ವಿರುದ್ಧ ದೇಹ ನಡೆಸುತ್ತಿರುವ ಹೋರಾಟವನ್ನು. ಆ ಎರಡು ಮೂರು ದಿನಗಳ ನೆಮ್ಮದಿಯಲ್ಲಿ ಶಿಲೀಂಧ್ರದ ಎಳೆಗಳು ತಡೆಯಿಲ್ಲದೆ ಆಳಕ್ಕೆ ಇಳಿಯುತ್ತವೆ. ಹರ್ಪಿಸ್ ವೈರಸ್ಸಿನ ಹುಣ್ಣಿನಲ್ಲೂ ಹೀಗೆಯೇ ಆಗುತ್ತದೆ. ಬ್ಯಾಕ್ಟೀರಿಯಾದ ಹುಣ್ಣಿನಲ್ಲಿ, ಮೊದಲು ಸರಿಯಾದ ಆ್ಯಂಟಿಬಯೋಟಿಕ್ ಹಾಕಿದ ನಂತರ ಸ್ಟಿರಾಯ್ಡ್ ಸೇರಿಸಿದರೆ ಲಾಭವಿದೆಯೇ ಎಂದು 500 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕೂಡ ಒಟ್ಟಾರೆ ದೃಷ್ಟಿಯಲ್ಲಿ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ತಜ್ಞರ ನಿಗಾ ಇದ್ದಾಗಲೇ ಹೀಗಾದರೆ, ಕಣ್ಣನ್ನು ಒಮ್ಮೆಯೂ ಪರೀಕ್ಷಿಸದೆ ಕೌಂಟರಿನಿಂದ ಸ್ಟಿರಾಯ್ಡ್ ಕೊಡುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು. ಎಷ್ಟೋ ಕಣ್ಣುಗಳು ಮುಳ್ಳಿನಿಂದ ಹಾಳಾದದ್ದಕ್ಕಿಂತ ಈ ಡ್ರಾಪ್ಸ್‌ನಿಂದ ಹಾಳಾಗಿವೆ. ನಾನು ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ನಿಮ್ಮ ತಾಯಿಯವರಿಗೆ ಮಾಡಿದ ಕೆರೆಯುವ ಪರೀಕ್ಷೆಯ ಬಗ್ಗೆ ಮನೆಯವರಲ್ಲಿ ಭಯವಿರುವುದು ಸಹಜ. ಮೊದಲು ಮರಗಟ್ಟಿಸುವ ಡ್ರಾಪ್ಸ್ ಹಾಕುತ್ತಾರೆ. ರೋಗಿ ಸ್ಲಿಟ್ ಲ್ಯಾಂಪ್ ಎಂಬ ಉಪಕರಣದ ಮುಂದೆ ಗದ್ದವೂರಿ ಕುಳಿತಾಗ, ವೈದ್ಯರು ಸಣ್ಣ ಅಲಗಿನಿಂದ ಹುಣ್ಣಿನ ಅಂಚನ್ನೂ ತಳವನ್ನೂ ಮೆಲ್ಲಗೆ ಕೆರೆದು, ಸಿಕ್ಕ ಪುಡಿಯಂಥ ವಸ್ತುವನ್ನು ಗಾಜಿನ ಪಟ್ಟಿಯ ಮೇಲೆ ಹಚ್ಚುತ್ತಾರೆ. ಒಂದು ಪಟ್ಟಿಗೆ ಬ್ಯಾಕ್ಟೀರಿಯಾ ಕಾಣಿಸುವ ಗ್ರಾಮ್ ಬಣ್ಣ, ಇನ್ನೊಂದಕ್ಕೆ ಹತ್ತು ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ. ಈ ದ್ರಾವಣದಲ್ಲಿ ಕಣ್ಣಿನ ಜೀವಕೋಶಗಳು ಕರಗಿ ತಿಳಿಯಾಗುತ್ತವೆ, ಶಿಲೀಂಧ್ರದ ಕವಲೊಡೆದ ಎಳೆಗಳು ಮಾತ್ರ ಹಾಗೇ ಉಳಿದು ಸೂಕ್ಷ್ಮದರ್ಶಕದಡಿ ಕಾಣುತ್ತವೆ. ಕೆಲವೇ ನಿಮಿಷಗಳಲ್ಲಿ ಉತ್ತರ ಸಿಗುವ ಈ ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ. ಉಳಿದ ವಸ್ತುವನ್ನು ಜೀವಿ ಬೆಳೆಯುವ ಮಾಧ್ಯಮದ ಮೇಲೆ ಹಾಕಿ ಇಡುತ್ತಾರೆ; ಬ್ಯಾಕ್ಟೀರಿಯಾ ಒಂದೆರಡು ದಿನಗಳಲ್ಲಿ, ಶಿಲೀಂಧ್ರ ಕೆಲವೊಮ್ಮೆ ವಾರ ಕಳೆದ ಮೇಲೆ ಬೆಳೆದು ಕಾಣುತ್ತದೆ. ಆ ವರದಿ ಬಂದಿದೆಯೇ ಎಂದು ಮುಂದಿನ ಭೇಟಿಯಲ್ಲಿ ಕೇಳಿ, ನಕಲು ಪಡೆದು ಇಟ್ಟುಕೊಳ್ಳಿ. ಕೆರೆಯುವುದರಿಂದ ಇನ್ನೊಂದು ಉಪಯೋಗವಿದೆ: ಮೇಲಿನ ಸತ್ತ ಪದರ ಹೋಗುವುದರಿಂದ ಔಷಧ ಒಳಗಿಳಿಯಲು ದಾರಿಯಾಗುತ್ತದೆ. ಅದಕ್ಕಾಗಿಯೇ ಕೆಲವು ವೈದ್ಯರು ಚಿಕಿತ್ಸೆಯ ನಡುವೆ ಮತ್ತೆ ಮತ್ತೆ ಕೆರೆಯುತ್ತಾರೆ.

ನಾಟಾಮೈಸಿನ್ ಶಿಲೀಂಧ್ರದ ಕೋಶಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ವಸ್ತುವಿಗೆ ಅಂಟಿಕೊಂಡು ಅದರ ಬೆಳವಣಿಗೆಯನ್ನು ತಡೆಯುತ್ತದೆ. ಅದರ ಅಣು ದೊಡ್ಡದು, ನೀರಿನಲ್ಲಿ ಕರಗುವುದಿಲ್ಲ, ಕಾರ್ನಿಯಾದ ಆಳಕ್ಕೆ ಸುಲಭವಾಗಿ ಇಳಿಯುವುದೂ ಇಲ್ಲ. ಆದ್ದರಿಂದಲೇ ಗಂಟೆಗೊಮ್ಮೆ ಹಾಕಬೇಕು, ವಾರಗಟ್ಟಲೆ ಹಾಕಬೇಕು. ಸೀಸೆಯಲ್ಲಿರುವುದು ಹಾಲಿನಂಥ ಬಿಳಿ ದ್ರವ. ಇಟ್ಟಲ್ಲೇ ಇಟ್ಟರೆ ಔಷಧವೆಲ್ಲ ತಳಕ್ಕೆ ಕೂತು ಮೇಲೆ ಬರೀ ತಿಳಿನೀರು ಉಳಿಯುತ್ತದೆ. ಅಲುಗಾಡಿಸದೆ ಹಾಕುವವರು ಗಂಟೆಗೊಮ್ಮೆ ತಪ್ಪದೆ ಹಾಕಿದರೂ ಕಣ್ಣಿಗೆ ಔಷಧ ಸೇರಿರುವುದಿಲ್ಲ. ಪ್ರತಿ ಸಲವೂ ಚೆನ್ನಾಗಿ ಅಲುಗಾಡಿಸಿ, ಕೆಳರೆಪ್ಪೆಯನ್ನು ಎಳೆದು ಒಂದೇ ಹನಿ ಹಾಕಿ, ಎರಡು ನಿಮಿಷ ಕಣ್ಣು ಮುಚ್ಚಿಸಿ. ಎರಡನೆಯ ಔಷಧಕ್ಕೆ ಐದರಿಂದ ಹತ್ತು ನಿಮಿಷದ ಅಂತರವಿರಲಿ. ಹುಣ್ಣಿನ ಮೇಲೆ, ರೆಪ್ಪೆಯ ಅಂಚಿನಲ್ಲಿ ಬಿಳಿ ಪುಡಿ ಕೂತಿರುವುದು ಈ ಔಷಧದ ಲಕ್ಷಣ. ಅದನ್ನು ಕೀವೆಂದು ತಿಳಿದು ಉಜ್ಜಿ ತೆಗೆಯಬೇಡಿ. ನೀವು ನೋಡುತ್ತಿರುವ ಬಿಳಿಯಲ್ಲಿ ಒಂದು ಪಾಲು ಈ ಪುಡಿಯೇ ಆಗಿರಬಹುದು.

ಹಳೆಯ ಔಷಧವೆಂದು ನಾಟಾಮೈಸಿನ್ ಬಗ್ಗೆ ಅನುಮಾನ ಪಡುವವರಿದ್ದಾರೆ. ಅದನ್ನು ಹೊಸದಾದ ವೊರಿಕೊನಜೋಲ್ ಡ್ರಾಪ್ಸ್‌ನೊಂದಿಗೆ 323 ರೋಗಿಗಳಲ್ಲಿ ಹೋಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಟಾಮೈಸಿನ್ ಹಾಕಿದವರ ದೃಷ್ಟಿ ಹೆಚ್ಚು ಚೆನ್ನಾಗಿ ಉಳಿದಿತ್ತು, ಕಾರ್ನಿಯಾ ತೂತಾದ ಪ್ರಕರಣಗಳೂ ಕಡಿಮೆ ಇದ್ದವು. ಫ್ಯುಸೇರಿಯಂ ಸೋಂಕಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಡ್ರಾಪ್ಸ್ ಜೊತೆಗೆ ವೊರಿಕೊನಜೋಲ್ ಮಾತ್ರೆ ಕೊಟ್ಟು ನೋಡಿದ ನಂತರದ ಪರೀಕ್ಷೆಯಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಆದ್ದರಿಂದ ಮಾತ್ರೆ ಬರೆದಿಲ್ಲವೆಂದು ವೈದ್ಯರ ಮೇಲೆ ಬೇಸರ ಪಡಬೇಕಾಗಿಲ್ಲ. ಆಳವಾದ, ದೊಡ್ಡ ಹುಣ್ಣುಗಳಲ್ಲಿ ಮಾತ್ರೆಯನ್ನೋ ಕಾರ್ನಿಯಾದೊಳಗೆ ಚುಚ್ಚುಮದ್ದನ್ನೋ ಸೇರಿಸುವುದುಂಟು, ಅದು ಕಣ್ಣನ್ನು ನೋಡುತ್ತಿರುವವರು ನಿರ್ಧರಿಸಬೇಕಾದ ವಿಷಯ. ಜೊತೆಗೆ ಹೋಮಾಟ್ರೋಪಿನ್ ಅಥವಾ ಅಟ್ರೋಪಿನ್ ಕೊಟ್ಟಿದ್ದರೆ ಅದನ್ನೂ ಬಿಡಬೇಡಿ. ಕಣ್ಣೊಳಗಿನ ಸ್ನಾಯುವಿನ ಸೆಳೆತ ಇಳಿಸಿ ನೋವು ಕಡಿಮೆ ಮಾಡುವುದು ಅದೇ. ಪಾಪೆ ಹಿಗ್ಗಿ ಬೆಳಕು ಚುಚ್ಚಿದಂತಾಗುವುದು ಆ ಔಷಧದ ಪರಿಣಾಮವೇ ಹೊರತು ರೋಗ ಹೆಚ್ಚಾದದ್ದರ ಗುರುತಲ್ಲ.

ಹಾಗಾದರೆ ಗುಣವಾಗುತ್ತಿದೆಯೆಂದು ತಿಳಿಯುವುದು ಹೇಗೆ? ಬಿಳಿ ಚುಕ್ಕೆಯ ಅಳತೆಯಿಂದಲ್ಲ. ಬರಿಗಣ್ಣಿಗೆ ಒಂದೇ ಬಿಳುಪಾಗಿ ಕಾಣುವುದರಲ್ಲಿ ಸ್ಲಿಟ್ ಲ್ಯಾಂಪ್ ಬೇರೆ ಬೇರೆ ಸಂಗತಿಗಳನ್ನು ತೋರಿಸುತ್ತದೆ. ಸಕ್ರಿಯವಾಗಿರುವ ಫಂಗಸ್ ಹುಣ್ಣಿನ ಅಂಚು ಗರಿಯ ತುದಿಯಂತೆ ಹರಡಿರುತ್ತದೆ, ಸುತ್ತ ಸಣ್ಣ ಮರಿಚುಕ್ಕೆಗಳಿರುತ್ತವೆ, ಕೆಲವೊಮ್ಮೆ ಕಾರ್ನಿಯಾದ ಹಿಂದೆ ತಳದಲ್ಲಿ ಕೀವು ಗೆರೆಯಾಗಿ ನಿಂತಿರುತ್ತದೆ. ಔಷಧ ನಾಟಿದಾಗ ಮೊದಲು ನೋವು ತಗ್ಗುತ್ತದೆ, ಅಂಚು ದುಂಡಗಾಗುತ್ತದೆ, ಮರಿಚುಕ್ಕೆಗಳು ಮಸುಕಾಗುತ್ತವೆ, ಮೇಲಿನ ಪದರ ಅಂಚಿನಿಂದ ಒಳಗೆ ಬೆಳೆಯತೊಡಗುತ್ತದೆ. ಬಿಳುಪು ತಿಳಿಯಾಗುವುದು ಎಲ್ಲಕ್ಕಿಂತ ಕೊನೆಗೆ. ಹುಣ್ಣು ಮೊದಲಿನಷ್ಟೇ ಇದೆ, ಆದರೆ ಬೆಳೆದಿಲ್ಲ ಎಂದು ವೈದ್ಯರು ಹೇಳಿದರೆ ಹತ್ತನೆಯ ದಿನಕ್ಕೆ ಅದೂ ಒಳ್ಳೆಯ ಸುದ್ದಿಯೇ. ನೀವು ವೈದ್ಯರನ್ನು ಕೇಳಬೇಕಾದದ್ದು ಚುಕ್ಕೆ ಯಾವಾಗ ಹೋಗುತ್ತದೆ ಎಂದಲ್ಲ. ಆಳ ಹೆಚ್ಚಿದೆಯೇ, ಕಾರ್ನಿಯಾ ತೆಳುವಾಗುತ್ತಿದೆಯೇ, ಕೀವು ಇಳಿದಿದೆಯೇ ಎಂದು.

ಎರಡು ವಾರ ಕ್ರಮವಾಗಿ ಔಷಧ ಹಾಕಿಯೂ ಹುಣ್ಣು ಹಬ್ಬುತ್ತಲೇ ಇದ್ದರೆ ಮಾತ್ರ ಮತ್ತೊಮ್ಮೆ ಕೆರೆದು ನೋಡುವುದು ಅಗತ್ಯ. ಫಂಗಸ್ ಜೊತೆಗೆ ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು. ಇನ್ನೊಂದು ಸಾಧ್ಯತೆ ಪಿಥಿಯಂ ಎಂಬ ಜೀವಿ. ಕೆಸರು ನೀರಿನಲ್ಲಿ ಬದುಕುವ ಇದು ಸೂಕ್ಷ್ಮದರ್ಶಕದಡಿ ಶಿಲೀಂಧ್ರದಂತೆಯೇ ಎಳೆಯಾಗಿ ಕಾಣುತ್ತದೆ, ಆದರೆ ಶಿಲೀಂಧ್ರವಲ್ಲ. ಅದರ ಕೋಶಪೊರೆಯಲ್ಲಿ ಎರ್ಗೊಸ್ಟೆರಾಲ್ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ನಾಟಾಮೈಸಿನ್‌ಗೆ ಹಿಡಿಯಲು ಅಲ್ಲಿ ಏನೂ ಸಿಗುವುದಿಲ್ಲ. ಅದಕ್ಕೆ ಲಿನೆಜೊಲಿಡ್, ಅಜಿತ್ರೊಮೈಸಿನ್‌ನಂಥ ಬೇರೆಯದೇ ಔಷಧಗಳು ಬೇಕು, ಬೇಗನೆ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಎರಡನೆಯ ಅಭಿಪ್ರಾಯ ಪಡೆಯಲು ಅದು ತಕ್ಕ ಸಮಯ, ಕಾರ್ನಿಯಾ ತಜ್ಞರು ಇರುವಲ್ಲಿಗೇ ಹೋಗಿ. ವೈದ್ಯಕೀಯ ಕಾಲೇಜಿನ ಕಣ್ಣಿನ ವಿಭಾಗಗಳು ಗದಗದಲ್ಲೂ ಹುಬ್ಬಳ್ಳಿಯಲ್ಲೂ ಇವೆ. ಮೊದಲಿನ ಕಾಗದಪತ್ರಗಳನ್ನು ಬಿಟ್ಟು ಹೋಗಬೇಡಿ. ಹೊಸಬರು ಎಲ್ಲವನ್ನೂ ಮೊದಲಿನಿಂದ ಆರಂಭಿಸಿದರೆ ಕಳೆಯುವುದು ನಿಮ್ಮ ತಾಯಿಯವರ ದಿನಗಳು.

ಉಳಿದ ಕಾರಣಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬ್ಯಾಕ್ಟೀರಿಯಾದ ಹುಣ್ಣು ಗಂಟೆಗಳ ಲೆಕ್ಕದಲ್ಲಿ ಹಬ್ಬುತ್ತದೆ. ಅದರಲ್ಲೂ ಸ್ಯೂಡೊಮೊನಾಸ್ ಎಂಬುದು ಎರಡು ಮೂರು ದಿನಗಳಲ್ಲಿ ಕಾರ್ನಿಯಾವನ್ನು ಕರಗಿಸಿಬಿಡಬಲ್ಲದು. ಧಾರವಾಡದ ಕಾಲೇಜು ವಿದ್ಯಾರ್ಥಿಗಳಲ್ಲಿ ಯಾರಾದರೂ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಮಲಗುವ ಅಭ್ಯಾಸದವರಿದ್ದರೆ ಈ ಸಾಲನ್ನು ಎರಡು ಸಲ ಓದಲಿ. ಅದಕ್ಕೆ ಮಾಕ್ಸಿಫ್ಲಾಕ್ಸಾಸಿನ್ ಅಥವಾ ಆಸ್ಪತ್ರೆಯಲ್ಲಿ ಗಾಢವಾಗಿ ತಯಾರಿಸಿದ ಸೆಫಜೋಲಿನ್ ಮತ್ತು ಟೊಬ್ರಾಮೈಸಿನ್ ಡ್ರಾಪ್ಸ್‌ಗಳನ್ನು ಹಗಲು ರಾತ್ರಿ ಹಾಕುತ್ತಾರೆ. ಹರ್ಪಿಸ್ ವೈರಸ್ಸಿನ ಹುಣ್ಣು ಮರದ ಕೊಂಬೆಯಂತೆ ಕವಲೊಡೆದಿರುತ್ತದೆ, ಜ್ವರ ಬಂದಾಗಲೋ ದಣಿವಾದಾಗಲೋ ಮರುಕಳಿಸುತ್ತದೆ, ಅಸೈಕ್ಲೊವಿರ್‌ಗೆ ಬಗ್ಗುತ್ತದೆ. ಅಕಾಂತಮೀಬಾ ಎಂಬ ಏಕಕೋಶ ಜೀವಿಯ ಸೋಂಕು ವಿರಳ, ಆದರೆ ಕಣ್ಣು ನೋಡಿದರೆ ಇಷ್ಟು ನೋವೇ ಎನಿಸುವಷ್ಟು ನೋವು ಕೊಡುತ್ತದೆ, ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಒಂದರ ಔಷಧ ಇನ್ನೊಂದಕ್ಕೆ ಬಾರದು. ಪಕ್ಕದ ಮನೆಯವರಿಗೆ ಗುಣವಾದ ಡ್ರಾಪ್ಸ್ ನಿಮ್ಮ ತಾಯಿಯವರಿಗೆ ಬೇಡವೆನ್ನಲು ಇಷ್ಟೇ ಕಾರಣ ಸಾಕು.

ಕಣ್ಣನ್ನೇ ಬದಲಿಸಬೇಕು ಎನ್ನುವುದು ತಪ್ಪು ತಿಳಿವಳಿಕೆ. ಇಡೀ ಕಣ್ಣನ್ನು ಯಾರೂ ಬದಲಿಸಲಾರರು. ಬದಲಿಸುವುದು ಕಾರ್ನಿಯಾವನ್ನು ಮಾತ್ರ, ಅದೂ ಎರಡು ಸಂದರ್ಭಗಳಲ್ಲಿ. ಔಷಧಕ್ಕೆ ಬಗ್ಗದೆ ಹುಣ್ಣು ಅಂಚಿನತ್ತ ಹಬ್ಬುತ್ತಿದ್ದರೆ, ಇಲ್ಲವೇ ಕಾರ್ನಿಯಾ ತೂತಾದರೆ, ಸೋಂಕು ತಗುಲಿದ ಭಾಗವನ್ನು ಕತ್ತರಿಸಿ ತೆಗೆದು ದಾನಿಯ ಕಾರ್ನಿಯಾ ಹೊಲಿಯುತ್ತಾರೆ. ಅದರ ಮೊದಲ ಉದ್ದೇಶ ಸೋಂಕನ್ನು ತೆಗೆದು ಕಣ್ಣನ್ನು ಉಳಿಸುವುದು, ದೃಷ್ಟಿಯ ಮಾತು ನಂತರದ್ದು. ಎರಡು ಮಿಲಿಮೀಟರ್ ಒಳಗಿನ ಸಣ್ಣ ತೂತಾದರೆ ವಿಶೇಷ ಅಂಟಿನಿಂದ ಮುಚ್ಚುವುದೂ ಉಂಟು. ಎರಡನೆಯ ಸಂದರ್ಭವೆಂದರೆ, ಹುಣ್ಣು ಪೂರ್ತಿ ಮಾಯ್ದು ಕಣ್ಣು ಶಾಂತವಾದ ಹಲವು ತಿಂಗಳ ನಂತರ, ಉಳಿದ ಕಲೆ ದೃಷ್ಟಿಗೆ ಅಡ್ಡವಾಗಿದ್ದರೆ ದೃಷ್ಟಿಗಾಗಿ ಮಾಡುವ ಕಸಿ. ಉರಿಯುವ ಕಣ್ಣಿಗೆ ಮಾಡಿದ ಕಸಿಗಿಂತ ಶಾಂತವಾದ ಕಣ್ಣಿಗೆ ಮಾಡಿದ ಕಸಿ ಹೆಚ್ಚು ಕಾಲ ತಿಳಿಯಾಗಿ ಉಳಿಯುತ್ತದೆ, ಆದ್ದರಿಂದ ಈಗ ಔಷಧದಿಂದಲೇ ಮಾಯುವುದಾದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ದಾನಿಗಳ ಕಾರ್ನಿಯಾ ಬೇಕಾದಷ್ಟು ಸಿಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳ ಕಾರ್ನಿಯಾವನ್ನು ಪದರವಾಗಿ ಬೇರ್ಪಡಿಸಿ ನಾಲ್ವರಿಗೆ ಕಸಿ ಮಾಡಿದ ಮೇಲೆ ನೇತ್ರದಾನದ ಅರಿವು ನಮ್ಮ ಹಳ್ಳಿಗಳಿಗೂ ತಲುಪಿದೆ. ಸಾವಿನ ನಂತರ ಆರು ಗಂಟೆಯೊಳಗೆ ಕಣ್ಣು ಪಡೆಯಬೇಕೆಂಬುದನ್ನು ಮನೆಯವರೆಲ್ಲ ತಿಳಿದಿರಬೇಕು.

ದೃಷ್ಟಿ ಎಷ್ಟು ಉಳಿಯುತ್ತದೆ ಎಂಬುದು ಹುಣ್ಣು ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಕಣ್ಣಾಗ ಹೂ ಬಿದ್ದೈತಿ ಎಂದು ನಮ್ಮ ಕಡೆ ಹೇಳುವ ಬಿಳಿ ಕಲೆ ಮಾಯ್ದ ಮೇಲೂ ಉಳಿದೇ ಉಳಿಯುತ್ತದೆ. ಅದು ಪಾಪೆಯ ನೇರಕ್ಕೆ ಇಲ್ಲದೆ ಅಂಚಿನಲ್ಲಿದ್ದರೆ ದೃಷ್ಟಿಗೆ ಹೆಚ್ಚಿನ ತೊಂದರೆಯಿಲ್ಲ. ನಡುವಿನಲ್ಲಿದ್ದರೆ ಮಸುಕಾಗುತ್ತದೆ, ಆದರೂ ಕಲೆ ತಿಂಗಳುಗಟ್ಟಲೆ ತಾನಾಗಿಯೇ ತೆಳುವಾಗುತ್ತ ಹೋಗುತ್ತದೆ. ಕಾರ್ನಿಯಾದ ಮೇಲ್ಮೈ ಏರುಪೇರಾದದ್ದರಿಂದ ಬಂದ ಮಸುಕನ್ನು ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್‌ನಿಂದ ಎಷ್ಟೋ ಮಟ್ಟಿಗೆ ಸರಿಪಡಿಸಬಹುದು. ಇದು ವಯಸ್ಸಾದವರಿಗೆ ಬರುವ ಪೊರೆಯಲ್ಲ, ಪೊರೆಯ ಶಿಬಿರದಲ್ಲಿ ತೆಗೆಸಿಬಿಡಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮನೆಯಲ್ಲಿ ಪಾಲಿಸಬೇಕಾದವು ಕೆಲವಿವೆ. ಕಣ್ಣಿಗೆ ಹತ್ತಿಯಿಟ್ಟು ಬಿಗಿಯಾಗಿ ಪಟ್ಟಿ ಕಟ್ಟಬೇಡಿ, ಬೆಚ್ಚಗೆ ಮುಚ್ಚಿದ ಕಣ್ಣಿನಲ್ಲಿ ಸೋಂಕು ಬೆಳೆಯುತ್ತದೆ. ಕಪ್ಪು ಕನ್ನಡಕ ಸಾಕು. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಯಾವುದನ್ನೂ ಹಾಕಬೇಡಿ. ಕಣ್ಣಿನ ಕಸವನ್ನು ನಾಲಿಗೆಯಿಂದ ತೆಗೆಯುವವರು ಈಗಲೂ ಕೆಲವು ಊರುಗಳಲ್ಲಿದ್ದಾರೆ, ಅವರ ಉದ್ದೇಶ ಒಳ್ಳೆಯದೇ ಇರಬಹುದು, ಬಾಯಿಯ ಬ್ಯಾಕ್ಟೀರಿಯಾ ಮಾತ್ರ ನೇರವಾಗಿ ಗಾಯಕ್ಕೆ ಸೇರುತ್ತದೆ. ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂದು ಈ ವಾರವೇ ನೋಡಿಸಿ. ಸಕ್ಕರೆ ಕಾಯಿಲೆ ಇರುವುದು ಗೊತ್ತಿಲ್ಲದೆ ಹುಣ್ಣು ಮಾಯದೆ ಉಳಿಯುವುದನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ. ಒಲೆಯ ಹೊಗೆ, ರಾಶಿಯ ಧೂಳು ಇರುವಲ್ಲಿಗೆ ಅವರು ಹೋಗಬಾರದು. ತಲೆಸ್ನಾನ ಮಾಡಿಸುವಾಗ ನೀರು ಕಣ್ಣಿಗೆ ಇಳಿಯದಿರಲಿ.

ಮನೆಯಲ್ಲಿ ಬೇರೆಯವರಿಗೆ ಮುಂದೆ ಹೀಗೆ ಮುಳ್ಳು ತಗುಲಿದರೆ ಶುದ್ಧ ನೀರಿನಿಂದ ಕಣ್ಣು ತೊಳೆದು, ಉಜ್ಜದೆ, ಅದೇ ದಿನ ವೈದ್ಯರಿಗೆ ತೋರಿಸಿ. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರು ಕಣ್ಣು ಗೀರಿದವರನ್ನು ಬಣ್ಣದ ಪಟ್ಟಿ ಮತ್ತು ನೀಲಿ ಟಾರ್ಚಿನಿಂದ ಪರೀಕ್ಷಿಸಿ, ಒಂದು ಶೇಕಡಾ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಚ್ಚಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಗಾಯವಾದ 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಅಗ್ಗದ ಮುಲಾಮು, ತರಬೇತಿ ಪಡೆದ ಒಬ್ಬ ಕಾರ್ಯಕರ್ತೆ ಇಷ್ಟರಿಂದ ಆದ ಕೆಲಸ ಅದು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದು ಸುಗ್ಗಿಗೆ ಮುಂಚೆಯೇ ಸಿದ್ಧವಿರಬೇಕೆಂದು ನಾನು ಒತ್ತಾಯಿಸುತ್ತೇನೆ. ಕುಸುಬಿ, ಗೋವಿನಜೋಳ ಕೊಯ್ಯುವವರು ನಂಬರಿಲ್ಲದ ಸಾದಾ ಕನ್ನಡಕ ಹಾಕಿಕೊಂಡರೂ ಬಹುಪಾಲು ಗಾಯಗಳು ತಪ್ಪುತ್ತವೆ.

ನಿಮ್ಮ ತಾಯಿಯವರ ಮುಂದಿನ ಭೇಟಿಗೆ ಹೋಗುವಾಗ ಈವರೆಗೆ ಹಾಕಿದ ಎಲ್ಲ ಸೀಸೆಗಳನ್ನೂ, ಅಂಗಡಿಯಲ್ಲಿ ಕೊಂಡ ಮೊದಲನೆಯದನ್ನು ಸೇರಿಸಿ, ಸಕ್ಕರೆಯ ವರದಿಯೊಂದಿಗೆ ತೆಗೆದುಕೊಂಡು ಹೋಗಿ. ಅದಕ್ಕೆ ಮುಂಚೆಯೇ ನೋವು ಒಮ್ಮೆಲೇ ಹೆಚ್ಚಿದರೆ, ಕಾರ್ನಿಯಾದ ಹಿಂದಿನ ಕೀವು ಏರುತ್ತಿರುವಂತೆ ಕಂಡರೆ, ಅಥವಾ ಕಣ್ಣಿನಿಂದ ಬೆಚ್ಚನೆಯ ನೀರು ಏಕಾಏಕಿ ಹರಿದು ನೋವು ತಟ್ಟನೆ ನಿಂತು ದೃಷ್ಟಿ ಮಬ್ಬಾದರೆ, ಕಾರ್ನಿಯಾ ತೂತಾಗಿರಬಹುದು. ಆಗ ನೋವು ಹೋಯಿತೆಂದು ಸಮಾಧಾನಪಟ್ಟು ಕೂರಬೇಡಿ. ಕಣ್ಣನ್ನು ಒತ್ತದೆ, ಮೇಲೆ ಗಟ್ಟಿ ಮುಚ್ಚಳವೊಂದನ್ನು ಮುಟ್ಟದಂತೆ ಇಟ್ಟು ಪಟ್ಟಿ ಅಂಟಿಸಿ, ಹೊಟ್ಟೆಗೆ ಏನೂ ಕೊಡದೆ, ರಾತ್ರಿಯಾಗಿದ್ದರೂ ಬೆಳಗಿನ ಬಸ್ಸಿಗೆ ಕಾಯದೆ ಆಸ್ಪತ್ರೆಗೆ ಕರೆತನ್ನಿ.